ಪಾಸ್‌ವರ್ಡ್ ಮರೆತರೆ ಫಾರ್ಮ್ಯಾಟ್ ಒಂದೇ ದಾರಿಯಾ?

ನಾವು ಪತ್ರಿಕೋದ್ಯಮ ಓದುತ್ತಿದ್ದಾಗ ನಮ್ಮ ಗೆಳೆಯನೊಬ್ಬ ಕೂಡ್ಲಿಗಿ ಕಡೆಯ ತನ್ನ ಅಜ್ಜಿಯಿಂದ ಬೀಸುವ ಪದಗಳನ್ನು ಹಾಡಿಸಿ, ರೆಕಾರ್ಡ್ ಮಾಡಿ, ಮನೆಯ ಕಂಪ್ಯೂಟರಿಗೆ ಹಾಕಿಟ್ಟಿದ್ದ. ವಿಂಡೋಸ್ ಎಕ್ಸ್‌ಪಿಯ ಹಳೇ ಡಬ್ಬ ಅದು. ತಮ್ಮ ಗೇಮ್ ಆಡಿ ಕೆಡಿಸ್ತಾನೆ ಅಂತ ಪಾಸ್‌ವರ್ಡ್ ಬದಲಿಸಿದ, ಪರೀಕ್ಷೆ ಗದ್ದಲದಲ್ಲಿ ಅದನ್ನೇ ಮರೆತ. ಪೇಟೆಯ ಅಂಗಡಿಗೆ ಹೊತ್ತೊಯ್ದರೆ, "ಫಾರ್ಮ್ಯಾಟೇ ಹೊಡೀಬೇಕು ನೋಡ್ರಿ, ಬ್ಯಾರೆ ದಾರಿ ಇಲ್ಲ" ಅಂದರು. ಹೊಡೆದೇಬಿಟ್ಟರು. ಕಂಪ್ಯೂಟರ್ ತೆರೆಯಿತು, ಹಾಡುಗಳು ಹೋದವು. ಅಷ್ಟೊತ್ತಿಗೆ ಅಜ್ಜಿಯೂ ತೀರಿಕೊಂಡಿದ್ದರು.

ಬೇರೆ ದಾರಿ ಇತ್ತು ಅಂತ ನಮಗೆ ತಿಳಿದದ್ದು ಎಷ್ಟೋ ವರ್ಷ ಕಳೆದ ಮೇಲೆ, ಈ ಬೀಗದ ಚರಿತ್ರೆ ಹುಡುಕುತ್ತಾ ಹೋದಾಗ.

ಕಂಪ್ಯೂಟರಿಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಫರ್ನಾಂಡೊ ಕೊರ್ಬಾಟೊ ಎಂಬುವವರ ತಂಡ ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆ ಕಟ್ಟಿತ್ತು. ಒಂದು ಬೋರಿನ ನೀರಿಗೆ ನಾಲ್ಕು ಹೊಲದವರು ಪಾಳಿ ಹಚ್ಚಿದ ಹಾಗೆ. ಯಾರ ಫೈಲು ಯಾರದು, ಯಾರ ಪಾಳಿ ಎಷ್ಟು ಅಂತ ಗುರುತಿಸಲು ಒಬ್ಬೊಬ್ಬರಿಗೆ ಒಂದು ಗುಟ್ಟಿನ ಪದ. 1962ರಲ್ಲೇ ಆಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ಸಿಕ್ಕ ವಾರದ 4 ತಾಸು ಸಾಲದೆ, ಪಾಸ್‌ವರ್ಡ್ ಇಟ್ಟಿದ್ದ ಫೈಲನ್ನೇ ಪ್ರಿಂಟ್ ಹೊಡೆಸಿ ಬೇರೆಯವರ ಪಾಳಿಯಲ್ಲಿ ಕೆಲಸ ಮಾಡಿಕೊಂಡ! ನೀರಿನ ಪಾಳಿ ಕದಿಯುವವರು ಎಲ್ಲಾ ಕಡೆ ಇರ್ತಾರೆ.

ಮುಂದೆ ಪಾಸ್‌ವರ್ಡನ್ನು ಇದ್ದಂತೆ ಬರೆದಿಡುವುದನ್ನೇ ಬಿಟ್ಟರು. ರಾಬರ್ಟ್ ಮಾರಿಸ್, ಕೆನ್ ಥಾಂಪ್ಸನ್ 1979ರಲ್ಲಿ ಯೂನಿಕ್ಸ್‌ನ ಈ ಪದ್ಧತಿಯನ್ನು ವಿವರಿಸಿ ಬರೆದರು. ಜೋಳ ಬೀಸಿ ಹಿಟ್ಟು ಮಾಡಿದಂತೆ ಅದು. ಕಂಪ್ಯೂಟರಿನಲ್ಲಿ ಉಳಿಯುವುದು ಹಿಟ್ಟು ಮಾತ್ರ. ನೀವು ಹೊಸದಾಗಿ ಹಾಕಿದ ಜೋಳವನ್ನೂ ಬೀಸಿ, ಎರಡು ಹಿಟ್ಟೂ ಒಂದೇನಾ ಅಂತ ನೋಡುತ್ತದೆ. ಹಿಟ್ಟನ್ನು ತಿರುಗಿ ಜೋಳ ಮಾಡಲಾಗದು. ಅದಕ್ಕೇ ಮರೆತ ಪಾಸ್‌ವರ್ಡನ್ನು ಯಾರೂ ಹುಡುಕಿ ಕೊಡುವುದಿಲ್ಲ, ಹೊಸದು ಹಾಕಿಕೊಳ್ಳಿ ಅನ್ನುತ್ತಾರೆ.

ನಮ್ಮ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಬಹಳ ರೈತರು ಬೀಗವಿದ್ದ ಕಂಪ್ಯೂಟರಿನ ಮುಂದೆ ನಿಂತದ್ದು ತಾಲ್ಲೂಕು ಕಚೇರಿಯ 'ಭೂಮಿ' ಕೌಂಟರಿನಲ್ಲಿ. ಕೊಟ್ಟೂರಿನವರು ಆಗ ಕೂಡ್ಲಿಗಿಗೇ ಹೋಗಬೇಕಿತ್ತು. 2002ರ ಹೊತ್ತಿಗೆ ರಾಜ್ಯದ 177 ಕೇಂದ್ರಗಳಲ್ಲಿ 15 ರೂಪಾಯಿಗೆ ಪಹಣಿ ಸಿಗುತ್ತಿತ್ತು. ಅಲ್ಲಿನ ಸಿಬ್ಬಂದಿ ಒಳಹೋಗಲು ಬೆರಳು ಒತ್ತಬೇಕಿತ್ತು. ಪಾಸ್‌ವರ್ಡ್ ಆದರೆ, ಖಾತೆ ತಿದ್ದಿ ಸಿಕ್ಕಿಬಿದ್ದಾಗ "ನನ್ನ ಪಾಸ್‌ವರ್ಡ್ ಬೇರೆ ಯಾರೋ ಬಳಸಿದ್ದಾರೆ" ಅನ್ನಬಹುದು. ಬೆರಳಿಗೆ ಆ ನೆಪ ನಡೆಯುವುದಿಲ್ಲ.

ಮನೆಯ ಕಂಪ್ಯೂಟರಿನ ಕತೆ ಬೇರೆ. ವಿಂಡೋಸ್ 98ರಲ್ಲಿ ಪಾಸ್‌ವರ್ಡ್ ಕೇಳಿದಾಗ ಕ್ಯಾನ್ಸಲ್ ಒತ್ತಿದರೂ ಸಾಮಾನ್ಯವಾಗಿ ಒಳಗೆ ಬಿಡುತ್ತಿತ್ತು. ಬೀಗ ಅನ್ನುವುದಕ್ಕಿಂತ ಪರದೆ ಅನ್ನಬೇಕು. 2001ರ ಎಕ್ಸ್‌ಪಿಯಲ್ಲಿ ಬೀಗ ಗಟ್ಟಿಯಾಯಿತು, ಆದರೆ ಅದು ಬಾಗಿಲಿಗೆ ಮಾತ್ರ. ಹೋಮ್ ಆವೃತ್ತಿಯಲ್ಲಿ ಅಡ್ಮಿನಿಸ್ಟ್ರೇಟರ್ ಎಂಬ ಇನ್ನೊಂದು ಖಾತೆ ಒಳಗೆ ಅಡಗಿರುತ್ತಿತ್ತು, ಎಷ್ಟೋ ಸಲ ಅದಕ್ಕೆ ಪಾಸ್‌ವರ್ಡೇ ಇರುತ್ತಿರಲಿಲ್ಲ. ಆನ್ ಆಗುವಾಗ ಎಫ್8 ಒತ್ತಿ ಸೇಫ್ ಮೋಡಿಗೆ ಹೋದರೆ ಆ ಹೆಸರು ಕಾಣುತ್ತಿತ್ತು. ನಾರ್ವೆಯ ಪೆಟ್ಟರ್ ನೋರ್ಡಾಲ್-ಹಾಗೆನ್ 1990ರ ದಶಕದಲ್ಲೇ ವಿಂಡೋಸ್ ಎನ್‌ಟಿಯ ಪಾಸ್‌ವರ್ಡ್ ಅಳಿಸುವ ಪುಟ್ಟ ಸಾಧನ ಬರೆದು ಹಂಚಿದ್ದರು, ಎಕ್ಸ್‌ಪಿಗೂ ಅದು ನಡೆಯುತ್ತಿತ್ತು. ಇದೇನೂ ಬೇಡ, ಹಾರ್ಡ್‌ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದ್ದರೂ ಅಜ್ಜಿಯ ಹಾಡನ್ನು ಕಾಪಿ ಮಾಡಿಕೊಳ್ಳಬಹುದಿತ್ತು. ಅರ್ಧ ತಾಸಿನ ಕೆಲಸ.

ಈಗಿನ ಲ್ಯಾಪ್‌ಟಾಪುಗಳಿಗೆ ಆ ಹಳೇ ದಾರಿ ನೆಚ್ಚಿಕೊಳ್ಳಬೇಡಿ. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗುವವರು ಪಾಸ್‌ವರ್ಡ್ ಮರೆತರೆ ಮೊಬೈಲಿಗೋ ಇಮೇಲಿಗೋ ಬರುವ ಸಂಖ್ಯೆ ಹಾಕಿ ಹೊಸದು ಮಾಡಿಕೊಳ್ಳಬಹುದು, ಆ ಸಿಮ್ ಚಾಲ್ತಿಯಲ್ಲಿದ್ದರೆ. ಆದರೆ ಹೊಸ ಯಂತ್ರಗಳಲ್ಲಿ ಎಷ್ಟೋ ಸಲ ಡಿಸ್ಕಿನ ಒಳಗಿನದೆಲ್ಲಾ ಗೂಢಲಿಪಿಯಲ್ಲೇ ಇರುತ್ತದೆ. ಬಾಗಿಲಿಗಷ್ಟೇ ಅಲ್ಲ, ಗೋಡೆಗೂ ಬೀಗ. ಬಿಚ್ಚಿ ಜೋಡಿಸಿದರೆ ಏನೂ ಓದಲಾಗದು. ಅದಕ್ಕೆ ಬಿಟ್‌ಲಾಕರ್ ಎಂಬುದರ 48 ಅಂಕಿಯ ರಿಕವರಿ ಕೀ ಬೇಕು. ಸಾಮಾನ್ಯವಾಗಿ ಅದು ಅದೇ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ, ಬೇರೆ ಫೋನಿನಿಂದಲೂ ತೆರೆದು ನೋಡಬಹುದು.

ನಮ್ಮ ಗೆಳೆಯ ಹೋದ ವರ್ಷ ಹೊಸ ಲ್ಯಾಪ್‌ಟಾಪ್ ಕೊಂಡ. ಆ 48 ಅಂಕಿಯನ್ನು ಕಾಗದದಲ್ಲಿ ಬರೆದು, ಪಹಣಿ ಇಡುವ ಟ್ರಂಕಿನಲ್ಲಿ ಇಟ್ಟಿದ್ದಾನೆ. ತಮ್ಮನಿಗೂ ಜಾಗ ತೋರಿಸಿದ್ದಾನೆ.