ಬೆಕ್ಕಿನ ವಾಂತಿ: ಒಂದೂಕಾಲು ಶತಮಾನದ ತಿಳಿವಳಿಕೆ

ಹಗರಿಬೊಮ್ಮನಹಳ್ಳಿ ಕಡೆ ಮೆಕ್ಕೆಜೋಳ, ಶೇಂಗಾ ಮನೆಗೆ ಬಂದು ಬಿದ್ದ ಮೇಲೆ ಬೆಕ್ಕಿಗೆ ಬೆಲೆ. ಇಲಿ ಹಿಡಿಯುವಷ್ಟು ದಿನ ಅದಕ್ಕೆ ಹಾಲನ್ನ ತಪ್ಪುವುದಿಲ್ಲ. ಆದರೆ ಉಂಡದ್ದನ್ನು ಪಡಸಾಲೆಯಲ್ಲೇ ಕಕ್ಕಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. “ಬೆಕ್ಕಂದ್ರ ಕಕ್ಕೋದೇ” ಎಂದು ಮೇಲೊಂದು ಹಿಡಿ ಬೂದಿ ಚೆಲ್ಲಿ ಬಳಿದು ಹಾಕುತ್ತಾರೆ. ಇದನ್ನು ಹಳ್ಳಿಯವರ ಅಜ್ಞಾನ ಎನ್ನುವಂತಿಲ್ಲ. ತೀರಾ ಈಚಿನವರೆಗೆ ಎಷ್ಟೋ ಪಶುವೈದ್ಯರೂ ಹೇಳುತ್ತಿದ್ದುದು ಹೆಚ್ಚುಕಡಿಮೆ ಇದನ್ನೇ.

ವಿಚಿತ್ರವೆಂದರೆ, ಹೊಟ್ಟೆಯ ಬಗ್ಗೆ ಮನುಷ್ಯ ಕಲಿತದ್ದರಲ್ಲಿ ದೊಡ್ಡ ಪಾಲು ಬೆಕ್ಕಿನಿಂದಲೇ ಬಂದದ್ದು. ಕ್ಷಕಿರಣ ಕಂಡುಹಿಡಿದ ಮರುವರ್ಷವೇ ಹಾರ್ವರ್ಡಿನ ವೈದ್ಯ ವಿದ್ಯಾರ್ಥಿ ವಾಲ್ಟರ್ ಕ್ಯಾನನ್ ಹೊಟ್ಟೆಯ ಚಲನೆ ನೋಡುವ ಕೆಲಸಕ್ಕೆ ಕೈಹಾಕಿದ. ಬ್ರೆಡ್ಡಿಗೆ ಬಿಸ್ಮತ್ ಲವಣ ಕಲಸಿ ಬೆಕ್ಕಿಗೆ ತಿನ್ನಿಸಿ, ಜಠರ ಅಲೆಅಲೆಯಾಗಿ ಹಿಂಡುವುದನ್ನು ಪರದೆಯ ಮೇಲೆ ಕಂಡ. ಬೆಕ್ಕು ಸಿಟ್ಟಾದರೆ ಆ ಅಲೆ ನಿಂತೇ ಹೋಗುತ್ತಿತ್ತು. ಮೈದಡವಿ ಸಮಾಧಾನ ಮಾಡಿದರೆ ಮತ್ತೆ ಶುರು. 1898ರಲ್ಲಿ ಅವನು ಪ್ರಕಟಿಸಿದ ಈ ಸಂಗತಿ ಇಂದಿಗೂ ಉಪಯೋಗಕ್ಕೆ ಬರುತ್ತದೆ: ನಾಯಿ ಅಟ್ಟಿಸಿಕೊಂಡು ಬರುವ ಜಾಗದಲ್ಲಿ ಬೆಕ್ಕಿಗೆ ಉಣ್ಣಲು ಇಡಬಾರದು. 1950ರ ಆಸುಪಾಸಿನಲ್ಲಿ ಸಂಶೋಧಕರಾದ ಬೋರಿಸನ್ ಮತ್ತು ವಾಂಗ್ ಮಿದುಳಿನಲ್ಲಿ ವಾಂತಿಗೆ ಚಾಲನೆ ಕೊಡುವ ತಾಣವನ್ನು ಗುರುತಿಸಿದರು. ಅಲ್ಲೂ ಪ್ರಯೋಗಕ್ಕೆ ಒಡ್ಡಿಕೊಂಡದ್ದು ನಾಯಿ, ಬೆಕ್ಕುಗಳೇ.

ಬೆಕ್ಕಿನ ಸ್ವಂತ ಕಾಯಿಲೆಗೆ ಮದ್ದು ಹುಡುಕಲು ಮಾತ್ರ ಯಾರಿಗೂ ಅವಸರವಿರಲಿಲ್ಲ. ನಮ್ಮಲ್ಲಂತೂ ಕೇಳುವುದೇ ಬೇಡ. ಬಳ್ಳಾರಿ ಸೀಮೆ 1953ರಲ್ಲಿ ಮೈಸೂರಿಗೆ ಸೇರುವ ತನಕ ಮದ್ರಾಸಿನ ಆಡಳಿತದಲ್ಲಿತ್ತು. ಮದ್ರಾಸಿನ ಪಶುವೈದ್ಯ ಕಾಲೇಜು 1903ರದು. ಬೆಂಗಳೂರಿನಲ್ಲಿ 1925ರ ಸೀರಮ್ ಸಂಸ್ಥೆ, 1958ರ ಹೆಬ್ಬಾಳದ ಕಾಲೇಜು. ದನಗಳ ದೊಡ್ಡರೋಗ ಊರೂರನ್ನೇ ಬರಿದು ಮಾಡುತ್ತಿದ್ದ ಕಾಲದಲ್ಲಿ ಇವುಗಳಲ್ಲಿ ಬೆಕ್ಕಿಗೆ ಸರದಿ ಬಾರದಿದ್ದುದು ತಪ್ಪೇನಲ್ಲ. ಆದರೆ ಆ ರೋಗ ಜಗತ್ತಿನಿಂದಲೇ ಹೋಯಿತೆಂದು 2011ರಲ್ಲಿ ಸಾರಿದ ಮೇಲೂ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ಜನರ ಬಾಯಲ್ಲಿ ಪಶು ಆಸ್ಪತ್ರೆ ‘ದನದ ದವಾಖಾನೆ’ಯೇ. ಕುರಿ, ಎಮ್ಮೆಗಳ ನಡುವೆ ಚೀಲದಲ್ಲಿ ಬೆಕ್ಕು ಹಿಡಿದುಕೊಂಡು ನಿಂತವರಿಗೆ ಮುಜುಗರ.

ಹೊರಗೆ ತಿಳಿವಳಿಕೆ ಬಿಡಿಬಿಡಿಯಾಗಿ ಬೆಳೆಯಿತು. ಮರಿಗಳನ್ನು ವಾಂತಿಭೇದಿಯಿಂದ ಕೊಲ್ಲುವ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ಸಿನಿಂದ ಬರುತ್ತದೆಂದು 1928ರಲ್ಲೇ ಗೊತ್ತಾಗಿತ್ತು. ಲಸಿಕೆಯೂ ಬಂದು ದಶಕಗಳಾದವು. ಆದರೂ 2025ರ ಆರಂಭದಲ್ಲಿ ರಾಯಚೂರಿನಲ್ಲಿ ಅದೇ ರೋಗಕ್ಕೆ ಬೆಕ್ಕುಗಳು ಸತ್ತವು. ಮುದಿ ಬೆಕ್ಕು ಗಬಗಬ ತಿಂದೂ ಸೊರಗುತ್ತ ಕಕ್ಕುವುದಕ್ಕೆ ಥೈರಾಯ್ಡ್ ಕಾರಣವಿರಬಹುದೆಂದು ತಿಳಿದದ್ದು 1979ರಲ್ಲಿ. 2001ರ ಒಂದು ಅಧ್ಯಯನದಲ್ಲಿ ಬಹುಕಾಲ ಹೊಟ್ಟೆಯ ತೊಂದರೆಯಿದ್ದ 55 ಬೆಕ್ಕುಗಳ ಪೈಕಿ 16ಕ್ಕೆ ಆಹಾರವೇ ಒಗ್ಗುತ್ತಿರಲಿಲ್ಲ. ಹಳೆಯ ನಂಬಿಕೆಗೆ ದೊಡ್ಡ ಪೆಟ್ಟು ಕೊಟ್ಟದ್ದು 2013ರ ಅಮೆರಿಕದ ವರದಿ. ಪದೇಪದೇ ಕಕ್ಕುವ, ತೂಕ ಇಳಿದ, ಸ್ಕ್ಯಾನಿನಲ್ಲಿ ಕರುಳು ದಪ್ಪಗಾಗಿ ಕಂಡ 100 ಬೆಕ್ಕುಗಳ ಕರುಳಿನ ಚೂರು ತೆಗೆದು ನೋಡಿದರೆ 99ರಲ್ಲಿ ರೋಗವಿತ್ತು: ಬಹುಪಾಲು ಉರಿಯೂತ, ಇಲ್ಲವೇ ಕ್ಯಾನ್ಸರ್. ವಾಂತಿಗೆಲ್ಲ ಬೆಕ್ಕು ಮೈ ನೆಕ್ಕಿ ನುಂಗಿದ ಕೂದಲುಂಡೆಯೇ ಕಾರಣವೆಂದು ಅದರ ಮೇಲೆ ಹಾಕುತ್ತಿದ್ದ ಗೂಬೆ ಅಲ್ಲಿಗೆ ಇಳಿಯಿತು.

ಹಾಗೆಂದು ಪ್ಯಾಕೆಟ್ ತಿಂಡಿಯ ಅಮೆರಿಕದ ಬೆಕ್ಕಿನ ಲೆಕ್ಕವನ್ನು ಇಲಿ, ಹಲ್ಲಿ, ರೊಟ್ಟಿಚೂರು ತಿನ್ನುವ ನಮ್ಮ ಬೆಕ್ಕಿಗೆ ನೇರ ಹಚ್ಚುವುದು ಸರಿಯಲ್ಲ. ಇಲ್ಲಿ ಮೊದಲು ನೆನೆಯಬೇಕಾದದ್ದು ಜಂತುಹುಳು. ಆಮೇಲೆ ಇಲಿ ಪಾಷಾಣ: ಜಿಂಕ್ ಫಾಸ್ಫೈಡ್ ತಿಂದ ಇಲಿಯನ್ನು ತಿಂದರೆ ಬೆಕ್ಕಿನ ಹೊಟ್ಟೆಯಲ್ಲಿ ವಿಷಾನಿಲ ಏಳಬಹುದು. ಅಂಥ ವಾಂತಿ ಕೊಳೆತ ಮೀನಿನಂತೆಯೋ ಬೆಳ್ಳುಳ್ಳಿಯಂತೆಯೋ ನಾರುತ್ತದೆ. ಮೂಸಿ ನೋಡಲು ಹೋಗದೆ ಬಾಗಿಲು ಕಿಟಕಿ ತೆರೆಯಬೇಕು. ಮೂರನೆಯದು ದಾರ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಒಳಮುಖವಾಗಿರುವುದರಿಂದ ಸಿಕ್ಕ ದಾರ ಒಳಗೇ ಹೋಗುತ್ತದೆ. ಬಾಯಲ್ಲಿ ತುದಿ ಕಂಡರೂ ಎಳೆಯಬಾರದು, ಕರುಳು ಕೊಯ್ದೀತು.

ಕಕ್ಕಿದ್ದನ್ನು ಬಳಿಯುವ ಮೊದಲು ಒಮ್ಮೆ ನೋಡಿ. ಉಂಡ ಕೆಲವೇ ನಿಮಿಷದಲ್ಲಿ ಹೊಟ್ಟೆ ಕುಕ್ಕದೆ, ಅಗುಳು ಅಗುಳಾಗಿ, ಕೊಳವೆಯ ಆಕಾರದಲ್ಲಿ ಜಾರಿ ಬಿದ್ದಿದ್ದರೆ ಅದು ಜಠರಕ್ಕೆ ಹೋಗಿಯೇ ಇಲ್ಲ. ಅವಸರದ ಊಟ ಅಥವಾ ಅನ್ನನಾಳದ ತೊಂದರೆ. ಪಕ್ಕೆ ಬಿಗಿಹಿಡಿದು ಓಕರಿಸಿ ಹಳದಿ ನೀರಿನೊಡನೆ ಬಂದದ್ದು ನಿಜವಾದ ವಾಂತಿ. ಅವಸರದ ಬೆಕ್ಕಿಗೆ ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಸ್ವಲ್ಪಸ್ವಲ್ಪವೇ ದಿನಕ್ಕೆ ನಾಲ್ಕು ಸಲ ಕೊಟ್ಟರೆ ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ. ಎರಡು ಮೂರು ಬೆಕ್ಕುಗಳನ್ನು ಒಂದೇ ತಟ್ಟೆಗೆ ಬಿಡಬೇಡಿ.

ವಾರವಾರವೂ ಕಕ್ಕುತ್ತಿದ್ದರೆ, ತೂಕ ಇಳಿದರೆ, ರಕ್ತ ಕಂಡರೆ ದನದ ದವಾಖಾನೆಗೆ ಒಯ್ಯಿರಿ, ಮುಜುಗರ ಬೇಡ. ಎರಡು ದಿನ ಏನೂ ತಿನ್ನದ ಬೆಕ್ಕಿಗೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಇನ್ನೊಂದು ರೋಗ ಬರಬಹುದು, ಕಾಯುವಂತಿಲ್ಲ. ಮನೆಯಲ್ಲಿದ್ದ ಪ್ಯಾರಾಸಿಟಮಾಲನ್ನು ಮಾತ್ರ ಕೊಡಬೇಡಿ. ನಮ್ಮ ಜ್ವರ ಇಳಿಸುವ ಆ ಮಾತ್ರೆಯ ಅರ್ಧ ತುಂಡು ಬೆಕ್ಕನ್ನು ಕೊಲ್ಲಬಲ್ಲದು.