ರಂಜಕದ ಬೆನ್ನು ಹತ್ತಿದ ಐವತ್ತು ವರ್ಷ

ಕಿಡ್ನಿ ಸೋತವರ ಮೂಳೆ ಯಾಕೆ ಸವೆಯುತ್ತದೆ? ಈ ಒಗಟಿನ ಮುಖ್ಯ ಎಳೆಯೊಂದು ಸಿಕ್ಕಿದ್ದು 1970ರಲ್ಲಿ. ವಿಟಮಿನ್ ಡಿ ತನ್ನ ಸಕ್ರಿಯ ರೂಪ ಪಡೆಯುವುದು ಮೂತ್ರಪಿಂಡದಲ್ಲಿ ಎಂದು ಕೇಂಬ್ರಿಜ್‌ನ ಫ್ರೇಸರ್ ಮತ್ತು ಕೋಡಿಚೆಕ್ ತೋರಿಸಿದರು. ಎರಡು ವರ್ಷದ ಬಳಿಕ ಸಂಶೋಧಕ ಬ್ರಿಕರ್ ಮುಂದಿಟ್ಟ ವಾದ ಇನ್ನೂ ಆಳವಾದದ್ದು. ಕಿಡ್ನಿ ಸೋತಾಗ ಒಳಗೇ ಉಳಿಯುವ ರಂಜಕವನ್ನು ಹೊರಹಾಕಲು ದೇಹ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಏರಿಸುತ್ತದೆ, ಅದರ ಬೆಲೆಯನ್ನು ಮೂಳೆ ತೆರುತ್ತದೆ.

ಹಾಗಾದರೆ ರಂಜಕವನ್ನು ಕರುಳಿನಲ್ಲೇ ಹಿಡಿದಿಟ್ಟರಾಯಿತಲ್ಲ? ಅದಕ್ಕೆಂದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಕೊಡುತ್ತಿದ್ದರು. ರಂಜಕವೇನೋ ಇಳಿಯಿತು. ಆದರೆ ಡಯಾಲಿಸಿಸ್ ರೋಗಿಗಳಲ್ಲಿ ಕೆಲವರಿಗೆ ಮಾತು ತೊದಲತೊಡಗಿತು, ಕೈಕಾಲು ಅದುರಿದವು, ಬುದ್ಧಿ ಮಂಕಾಯಿತು. ಹೀಗೆ ಸತ್ತವರ ಮಿದುಳಿನಲ್ಲಿ ಅಲ್ಯೂಮಿನಿಯಂ ತುಂಬಿರುವುದನ್ನು 1976ರಲ್ಲಿ ಆಲ್ಫ್ರೆ ತಂಡ ವರದಿ ಮಾಡಿತು. ಡಯಾಲಿಸಿಸ್‌ಗೆ ಬಳಸುವ ನೀರಿನಿಂದಲೂ ಅದು ಒಳಗೆ ಸೇರುತ್ತಿತ್ತು. ಈ ಕ್ಷೇತ್ರದ ಅತ್ಯಂತ ನೋವಿನ ಅಧ್ಯಾಯವಿದು.

ಮುಂದೆ ರಂಜಕ ಹಿಡಿಯಲು ಕ್ಯಾಲ್ಸಿಯಂ ಮಾತ್ರೆಗಳು ಬಂದವು. ಅಗ್ಗ, ಸುರಕ್ಷಿತ ಎಂದೇ ಎಲ್ಲರೂ ನಂಬಿದ್ದರು. 2000ದಲ್ಲಿ ಗುಡ್‌ಮನ್ ತಂಡ ಡಯಾಲಿಸಿಸ್‌ನಲ್ಲಿದ್ದ ಎಳೆಯರ ಹೃದಯವನ್ನು ಸ್ಕ್ಯಾನ್ ಮಾಡಿತು. ಇಪ್ಪತ್ತರಿಂದ ಮೂವತ್ತರ ವಯಸ್ಸಿನ 16 ಮಂದಿಯಲ್ಲಿ 14 ಮಂದಿಯ ಹೃದಯದ ರಕ್ತನಾಳಗಳಲ್ಲಿ ಸುಣ್ಣ ಕಟ್ಟಿತ್ತು. ಅಂಥವರು ಕ್ಯಾಲ್ಸಿಯಂ ಮಾತ್ರೆಯನ್ನೂ ಹೆಚ್ಚು ನುಂಗುತ್ತಿದ್ದರು. ಮೂಳೆಯ ಕಾಯಿಲೆ ಹೃದಯದ ಕಾಯಿಲೆಯೂ ಹೌದು ಎಂಬುದು ಆಗ ಕಣ್ಣಿಗೆ ರಾಚಿತು. ಕ್ಯಾಲ್ಸಿಯಂ ಇಲ್ಲದ ಸೆವಲಾಮರ್, ಲ್ಯಾಂಥನಂ ಬಳಕೆಗೆ ಬಂದವು. ಬೆಲೆ ಮಾತ್ರ ಹೆಚ್ಚು.

ಇದೇ ಹೊತ್ತಿಗೆ ಎಫ್‌ಜಿಎಫ್-23 ಎಂಬ ಹಾರ್ಮೋನು ಪತ್ತೆಯಾಯಿತು. ರಕ್ತದಲ್ಲಿ ರಂಜಕ ಏರುವ ಎಷ್ಟೋ ಮೊದಲೇ ಇದು ಏರಿರುತ್ತದೆ. ಅಂದರೆ ವರದಿಯಲ್ಲಿ ಸಂಖ್ಯೆ ಸರಿಯಾಗಿ ಕಂಡರೂ ದೇಹ ಆಗಲೇ ಹೆಣಗಾಡುತ್ತಿರುತ್ತದೆ. ಇಷ್ಟಾದರೂ, ರಂಜಕ ಇಳಿಸುವ ಮಾತ್ರೆ ಆಯಸ್ಸು ಹೆಚ್ಚಿಸುತ್ತದೆಂದು ಯಾವ ದೊಡ್ಡ ಪ್ರಯೋಗವೂ ಸಾಬೀತು ಮಾಡಿಲ್ಲ. ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊ 2017ರಲ್ಲಿ ಮಾರ್ಗಸೂಚಿ ಪರಿಷ್ಕರಿಸಿದಾಗ, ಒಂದು ಪರೀಕ್ಷೆಯ ಫಲವನ್ನು ನಂಬಿ ಔಷಧ ಬದಲಿಸದೆ, ರಂಜಕ, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನು ಮೂರನ್ನೂ ಒಟ್ಟಿಗಿಟ್ಟು ಏರಿಳಿತ ನೋಡಿ ಎಂದಿತು. ನನ್ನ ಮಟ್ಟಿಗೆ ಇದು ಯಾವ ಹೊಸ ಔಷಧಕ್ಕಿಂತಲೂ ದೊಡ್ಡ ಹೆಜ್ಜೆ.

ಕಿಡ್ನಿ ಸೋತವರನ್ನು ಕಾಡುವ ರಕ್ತಹೀನತೆಯ ಕಥೆಯೂ ಇದೇ ಜಾಡಿನದು. ಅದಕ್ಕೆ ಕೊಡುವ ಔಷಧ ಎರಿಥ್ರೊಪೊಯೆಟಿನ್ 1989ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು ಪದೇ ಪದೇ ರಕ್ತ ಏರಿಸುವ ಕಷ್ಟ ತಪ್ಪಿಸಿತು. ಹಿಮೋಗ್ಲೋಬಿನ್ನನ್ನು ಸಹಜ ಮಟ್ಟಕ್ಕೇ ಒಯ್ಯಹೊರಟಾಗ ಅಪಾಯ ಹೆಚ್ಚಿತೆಂದು 2006ರ ಪ್ರಯೋಗವೊಂದು ಎಚ್ಚರಿಸಿತು.

ಮತ್ತೆ ರಂಜಕಕ್ಕೆ ಬಂದರೆ, ನಮ್ಮ ಅಡುಗೆಮನೆಗೆ ಸಂಬಂಧಿಸಿದ ಮಾತು ಇನ್ನೊಂದಿದೆ. ರಾಗಿ, ಬೇಳೆಗಳಲ್ಲಿರುವ ರಂಜಕ ಬಹುಪಾಲು ಫೈಟೇಟ್ ರೂಪದ್ದು. ಮನುಷ್ಯರ ಕರುಳು ಅದನ್ನು ಪೂರ್ತಿ ಹೀರಲಾರದು. ಪ್ಯಾಕೆಟ್ ತಿನಿಸು, ಕೋಲಾಗಳಿಗೆ ಬೆರೆಸುವ ಫಾಸ್ಫೇಟ್ ಮಾತ್ರ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕಿಳಿಯುತ್ತದೆ. ಆದ್ದರಿಂದ ರೋಗಿಯ ತಟ್ಟೆಯಿಂದ ಮೊದಲು ದೂರವಾಗಬೇಕಾದ್ದು ಪ್ಯಾಕೆಟ್, ಮುದ್ದೆಯಲ್ಲ. ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿದವರಿಗೆ ಬೇಳೆ, ಸೊಪ್ಪಿನ ಅಳತೆಯನ್ನು ವೈದ್ಯರೇ ಹೇಳಬೇಕು.