ಹಳೆಯ ಜಾವಾ, ಯೆಜ್ಡಿ: ಪೆಟ್ರೋಲ್ ಸೋರಿಕೆ ತಡೆಯುವುದು ಹೇಗೆ?

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಆದರೆ ಅಲ್ಲಿ ತಯಾರಾದ ಜಾವಾ ಹಾಗೂ ಯೆಜ್ಡಿ ಮೋಟಾರ್ ಸೈಕಲ್‌ಗಳು ರಾಜ್ಯದ ರಸ್ತೆಗಳಲ್ಲಿ ಇಂದಿಗೂ ಓಡಾಡುತ್ತಿವೆ. ಈ ವಾಹನಗಳ ಮಾಲೀಕರನ್ನು ಪದೇ ಪದೇ ಕಾಡುವ ತೊಂದರೆ ಪೆಟ್ರೋಲ್ ಸೋರಿಕೆ. ಹಳೆಯ ಗಾಡಿ ಎಂದಮೇಲೆ ಒಂದೆರಡು ಹನಿ ಸೋರುವುದು ಸಹಜ ಎಂದು ಉದಾಸೀನ ಮಾಡುವವರೇ ಹೆಚ್ಚು. ಈ ಉದಾಸೀನ ಅಪಾಯಕ್ಕೆ ಆಹ್ವಾನ ನೀಡಬಲ್ಲದು.

ಪೆಟ್ರೋಲ್ ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಹೊರಸೂಸುತ್ತದೆ. ಈ ಆವಿ ಗಾಳಿಗಿಂತ ಭಾರವಾದುದರಿಂದ ಮೇಲೇರದೆ ನೆಲಮಟ್ಟದಲ್ಲಿಯೇ ಹರಡುತ್ತದೆ. ಮನೆಯ ಮುಂಭಾಗದಲ್ಲಿ ನಿಲ್ಲಿಸಿದ ವಾಹನದಿಂದ ರಾತ್ರಿಯಿಡೀ ಪೆಟ್ರೋಲ್ ತೊಟ್ಟಿಕ್ಕಿದರೆ, ಬೆಳಿಗ್ಗೆ ಹಚ್ಚುವ ದೇವರ ದೀಪ ಅಥವಾ ಒತ್ತುವ ಪಂಪಿನ ಸ್ವಿಚ್ಚು ಬೆಂಕಿಗೆ ಕಾರಣವಾಗಬಹುದು.

ಎಥೆನಾಲ್ ಪರಿಣಾಮ

ಸೋರಿಕೆಗೆ ವಾಹನದ ವಯಸ್ಸೊಂದೇ ಕಾರಣವಲ್ಲ. ದೇಶದಲ್ಲಿ ಪೆಟ್ರೋಲಿಗೆ ಶೇ 10ರಷ್ಟು ಎಥೆನಾಲ್ ಬೆರೆಸುವ ಗುರಿ 2022ರಲ್ಲಿ, ಶೇ 20ರ ಗುರಿ 2025ರಲ್ಲಿ ಈಡೇರಿತು. ಜಾವಾ, ಯೆಜ್ಡಿ ತಯಾರಾದ ಕಾಲದ ರಬ್ಬರ್ ಮತ್ತು ಕಾರ್ಕ್ ಬಿಡಿಭಾಗಗಳು ಎಥೆನಾಲನ್ನು ಗಮನದಲ್ಲಿಟ್ಟು ರೂಪಿಸಿದವುಗಳಲ್ಲ. ಎಥೆನಾಲ್ ತಾಗಿದ ಹಳೆಯ ರಬ್ಬರ್ ಮೊದಲು ಉಬ್ಬಿ ಮೆತ್ತಗಾಗುತ್ತದೆ. ಒಣಗಿದ ಮೇಲೆ ಕುಗ್ಗಿ ಬಿರುಕು ಬಿಡುತ್ತದೆ. ಎಥೆನಾಲ್ ತೇವಾಂಶವನ್ನೂ ಹೀರಿಕೊಳ್ಳುವುದರಿಂದ, ತಿಂಗಳುಗಟ್ಟಲೆ ನಿಂತ ವಾಹನದ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ತುಕ್ಕು ಹಿಡಿಯುತ್ತದೆ. ಹಳೆಯ ವಾಹನಗಳಲ್ಲಿ ಕೆಲವು ರಬ್ಬರ್ ಭಾಗ ಹಾಗೂ ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೂ 2025ರಲ್ಲಿ ತಿಳಿಸಿತ್ತು.

ಮೊದಲು ಮೂಲ ಪತ್ತೆ

ಹನಿ ಬೀಳುವ ಜಾಗವೇ ಸೋರಿಕೆಯ ಮೂಲವಲ್ಲ. ಟ್ಯಾಂಕಿನ ಬಳಿ ಜಿನುಗಿದ ಪೆಟ್ರೋಲ್ ಪೈಪಿನಗುಂಟ ಇಳಿದು ಕಾರ್ಬ್ಯುರೇಟರ್ ಕೆಳಗೆ ತೊಟ್ಟಿಕ್ಕುವುದುಂಟು. ತಪ್ಪಾಗಿ ಅಂದಾಜಿಸಿ ಕಾರ್ಬ್ಯುರೇಟರನ್ನೇ ಬದಲಿಸಿದರೆ ಹಣವೂ ವ್ಯರ್ಥ, ಸೋರಿಕೆಯೂ ನಿಲ್ಲದು.

ಎಂಜಿನ್ ಪೂರ್ತಿ ತಣಿದ ಮೇಲೆ, ಬಯಲಿನಲ್ಲಿ ವಾಹನ ನಿಲ್ಲಿಸಿ, ಬ್ಯಾಟರಿಯ ಸಂಪರ್ಕ ತೆಗೆಯಬೇಕು. ಟ್ಯಾಂಕಿನ ತಳ, ಟ್ಯಾಪ್, ಪೈಪ್, ಕಾರ್ಬ್ಯುರೇಟರ್‌ಗಳನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಜೋಡಣೆಗಳ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಬೇಕು. ಪುಡಿ ಮೊದಲು ಎಲ್ಲಿ ಒದ್ದೆಯಾಗುವುದೋ ಅಲ್ಲಿಯೇ ಮೂಲವಿದೆ. ಈ ಟೂ-ಸ್ಟ್ರೋಕ್ ವಾಹನಗಳಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುವುದರಿಂದ ಮತ್ತೊಂದು ಸುಳಿವೂ ಸಿಗುತ್ತದೆ. ಪೆಟ್ರೋಲ್ ಆವಿಯಾದರೂ ಎಣ್ಣೆಯ ಜಿಡ್ಡು ಉಳಿಯುತ್ತದೆ. ಧೂಳು ಮೆತ್ತಿಕೊಂಡ ಈ ಕಲೆಯ ಮೇಲ್ತುದಿಯನ್ನು ಗಮನಿಸಬೇಕು.

ಟ್ಯಾಪ್ ಮುಚ್ಚಿದಾಗಲೂ ಸೋರುತ್ತಿದ್ದರೆ ದೋಷ ಟ್ಯಾಂಕ್ ಅಥವಾ ಟ್ಯಾಪಿನಲ್ಲಿದೆ. ಟ್ಯಾಪ್ ತೆರೆದಾಗ ಮಾತ್ರ ಸೋರಿದರೆ ಪೈಪ್ ಅಥವಾ ಕಾರ್ಬ್ಯುರೇಟರನ್ನು ಪರೀಕ್ಷಿಸಬೇಕು.

ಟ್ಯಾಪ್ ಮತ್ತು ಪೈಪ್

ಟ್ಯಾಪಿನ ಹಿಡಿಯ ಸುತ್ತ ಜಿನುಗುತ್ತಿದ್ದರೆ ಒಳಗಿನ ವಾಷರ್ ಸವೆದಿದೆ ಎಂದರ್ಥ. ಟ್ಯಾಂಕ್ ಖಾಲಿ ಮಾಡಿ, ಟ್ಯಾಪ್ ಬಿಚ್ಚಿ, ಅದೇ ಅಳತೆಯ ಹೊಸ ವಾಷರ್ ಹಾಕಬೇಕು. ಎಥೆನಾಲ್ ತಡೆದುಕೊಳ್ಳುವ ವಿಟಾನ್ ವಾಷರ್ ಸಿಕ್ಕರೆ ಉತ್ತಮ. ಟ್ಯಾಪ್ ಟ್ಯಾಂಕಿಗೆ ಸೇರುವ ಜಾಗಕ್ಕೆ ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತುವುದು ಸರಿಯಲ್ಲ. ಅದರ ಎಳೆಗಳು ಕಳಚಿ ಕಾರ್ಬ್ಯುರೇಟರಿನ ಸೂಕ್ಷ್ಮ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತವೆ.

ಅಗ್ಗದ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಕೆಲವೇ ತಿಂಗಳಲ್ಲಿ ಹಳದಿಯಾಗಿ ಬಿರುಸಾಗುತ್ತದೆ, ತುದಿಗಳಲ್ಲಿ ಸೀಳುತ್ತದೆ. ಪೆಟ್ರೋಲಿಗೆಂದೇ ತಯಾರಿಸಿದ ಪೈಪನ್ನು ಎರಡೂ ತುದಿಗೆ ಕ್ಲಿಪ್ ಹಾಕಿ ಜೋಡಿಸಬೇಕು. ಅದು ಸಿಲಿಂಡರಿಗೆ ತಾಗದಂತೆ ನೋಡಿಕೊಳ್ಳಬೇಕು.

ಕಾರ್ಬ್ಯುರೇಟರ್ ತುಂಬಿ ಹರಿದರೆ

ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಪೆಟ್ರೋಲ್ ಏರಿದಂತೆ ಫ್ಲೋಟ್ ತೇಲುತ್ತದೆ. ನಿಗದಿತ ಮಟ್ಟ ತಲುಪಿದಾಗ ಅದು ನೀಡಲನ್ನು ಒತ್ತಿ ಒಳಹರಿವನ್ನು ಮುಚ್ಚುತ್ತದೆ. ಮನೆಯ ನೀರಿನ ತೊಟ್ಟಿಯ ಬಾಲ್‌ಕಾಕ್ ಕೆಲಸ ಮಾಡುವುದೂ ಹೀಗೆಯೇ. ಈ ಮುಚ್ಚುವಿಕೆ ಕೈಕೊಟ್ಟಾಗ ಪೆಟ್ರೋಲ್ ತುಂಬಿ ಹರಿಯುತ್ತದೆ. ಇದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು ಕಸ. ಟ್ಯಾಂಕಿನ ತುಕ್ಕಿನ ಕಣ ನೀಡಲಿನ ಬಾಯಲ್ಲಿ ಸಿಲುಕಿದರೆ ಅದು ಮುಚ್ಚದು. ಬಟ್ಟಲು ಬಿಚ್ಚಿ ಸ್ವಚ್ಛಗೊಳಿಸಿದರೆ ಸಾಕು. ಆದರೆ ಟ್ಯಾಂಕನ್ನೂ ಶುಚಿಗೊಳಿಸದಿದ್ದರೆ ತೊಂದರೆ ಮರುಕಳಿಸುತ್ತದೆ.

ಎರಡನೆಯದು ಸವೆತ. ನೀಡಲಿನ ಮೊನೆಯ ಮೇಲೆ ಉಗುರಿಗೆ ತಾಗುವಂತಹ ಗೆರೆ ಮೂಡಿದ್ದರೆ ಅದನ್ನು ಬದಲಿಸಬೇಕು.

ಮೂರನೆಯದು ಫ್ಲೋಟಿನ ರಂಧ್ರ. ಹಿತ್ತಾಳೆಯ ಫ್ಲೋಟನ್ನು ಕಿವಿಯ ಬಳಿ ಅಲುಗಿಸಿದಾಗ ಒಳಗೆ ದ್ರವದ ಸದ್ದು ಕೇಳಿದರೆ ಅದು ತೂತಾಗಿದೆ. ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆಗಳು ತೂತಿನ ಜಾಗ ತೋರಿಸುತ್ತವೆ. ಒಳಗಿನ ಪೆಟ್ರೋಲ್ ಪೂರ್ತಿ ಹೊರಹೋದ ಮೇಲಷ್ಟೇ ಬೆಸುಗೆ ಹಾಕಿಸಬೇಕು. ಬೆಸುಗೆ ಹೆಚ್ಚಾದರೆ ಫ್ಲೋಟ್ ಭಾರವಾಗಿ ಪೆಟ್ರೋಲಿನ ಮಟ್ಟ ಏರುತ್ತದೆ, ಸೋರಿಕೆ ಮುಂದುವರಿಯುತ್ತದೆ.

ಬಟ್ಟಲಿನ ಅಂಚಿನಲ್ಲಿ ಮಾತ್ರ ಜಿನುಗುತ್ತಿದ್ದರೆ ಹೊಸ ಗ್ಯಾಸ್ಕೆಟ್ ಬೇಕು. ಸ್ಕ್ರೂಗಳನ್ನು ಅತಿಯಾಗಿ ಬಿಗಿದರೆ ಮೃದು ಲೋಹದ ಅಂಚು ಡೊಂಕಾಗಿ ಸೋರಿಕೆ ಹೆಚ್ಚುತ್ತದೆ.

ಟ್ಯಾಂಕ್ ತೂತಾಗಿದ್ದರೆ

ದಾರಿಯ ಮಧ್ಯೆ ಟ್ಯಾಂಕಿನ ಸಣ್ಣ ತೂತಿಗೆ ಸೋಪು ಮೆತ್ತುವುದು ಮೆಕ್ಯಾನಿಕ್‌ಗಳ ಹಳೆಯ ಉಪಾಯ. ಸೋಪು ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಕಾರಣ ಮನೆ ಸೇರುವವರೆಗೆ ಇದು ನೆರವಾಗುತ್ತದೆ. ಎಪಾಕ್ಸಿ ಅಂಟು ಕೂಡ ತಾತ್ಕಾಲಿಕವೇ.

ಶಾಶ್ವತ ಪರಿಹಾರ ಬೆಸುಗೆ. ಆದರೆ ಇದನ್ನು ಅನುಭವಿಗಳಿಗೇ ಬಿಡಬೇಕು. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಗಾಳಿಯೊಂದಿಗೆ ಬೆರೆತು ಸ್ಫೋಟಿಸಬಲ್ಲದು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಈ ವಿಷಯದಲ್ಲಿ ಹೆಚ್ಚು ಅಪಾಯಕಾರಿ. ಒಳಭಾಗಕ್ಕೆ ಲೇಪನ ಮಾಡಿಸುವುದಾದರೆ ಅದು ಎಥೆನಾಲ್ ತಾಳಿಕೊಳ್ಳುವಂಥದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ಇಲ್ಲವಾದರೆ ಲೇಪನ ಪದರ ಪದರವಾಗಿ ಕಳಚಿ ಪೆಟ್ರೋಲಿನ ದಾರಿಯನ್ನೇ ಮುಚ್ಚುತ್ತದೆ.

ಬಿಡಿಭಾಗ ಕೊಳ್ಳುವಾಗ

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮಾರುಕಟ್ಟೆಗೆ ಮರಳಿದವು. ಹೊಸ ವಾಹನಗಳು ಇಂಧನ ಇಂಜೆಕ್ಷನ್ ಹೊಂದಿದ ಫೋರ್-ಸ್ಟ್ರೋಕ್ ಮಾದರಿಗಳಾದುದರಿಂದ ಅವುಗಳ ಬಿಡಿಭಾಗ ಹಳೆಯದಕ್ಕೆ ಹೊಂದದು. ಹಳೆಯ ದಾಸ್ತಾನಿನ ವಾಷರ್, ಗ್ಯಾಸ್ಕೆಟ್ ಅಸಲಿಯೇ ಆಗಿದ್ದರೂ ಇಷ್ಟು ವರ್ಷಗಳಲ್ಲಿ ಒಣಗಿರುತ್ತದೆ. ಬಾಗಿಸಿ ನೋಡಿ, ಬಿರುಕು ಬಿಡದಿದ್ದರೆ ಮಾತ್ರ ಕೊಳ್ಳುವುದು ಲೇಸು.

ನೆನಪಿಡಬೇಕಾದ ಅಂಶಗಳು

* ವಾಹನ ನಿಲ್ಲಿಸಿದ ಕೂಡಲೇ ಟ್ಯಾಪ್ ಮುಚ್ಚಬೇಕು. ನೀಡಲ್ ಸವೆದ ವಾಹನದಲ್ಲಿ ಟ್ಯಾಪ್ ತೆರೆದಿಟ್ಟರೆ ಪೆಟ್ರೋಲ್ ಎಂಜಿನ್ನಿನೊಳಗೂ ಇಳಿಯುತ್ತದೆ.
* ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ ಬಿಸಿಲಿನಲ್ಲಿ ನಿಲ್ಲಿಸಬಾರದು. ಪೆಟ್ರೋಲ್ ಹಿಗ್ಗಿ ಮುಚ್ಚಳದಿಂದ ಹೊರಬರುತ್ತದೆ.
* ವಾರಗಟ್ಟಲೆ ಓಡಿಸುವುದಿಲ್ಲವಾದರೆ ಕಾರ್ಬ್ಯುರೇಟರ್ ಖಾಲಿ ಮಾಡಿಡಬೇಕು.
* ಪೆಟ್ರೋಲ್ ಬೆಂಕಿಗೆ ನೀರು ಎರಚಬಾರದು. ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿ ಹರಡುತ್ತದೆ. ದುರಸ್ತಿ ವೇಳೆ ಮರಳು ಅಥವಾ ಒಣಪುಡಿಯ ಅಗ್ನಿಶಾಮಕ ಕೈಗೆಟುಕುವಂತಿರಲಿ.
* ದುರಸ್ತಿಯ ನಂತರ ಟ್ಯಾಪ್ ತೆರೆದು ಅರ್ಧ ಗಂಟೆ ಬಿಟ್ಟು, ಒಂದು ಹನಿಯೂ ಇಲ್ಲವೆಂದು ಖಚಿತವಾದ ಮೇಲಷ್ಟೇ ಎಂಜಿನ್ ಚಾಲೂ ಮಾಡಬೇಕು.